ಜೇಕಬನ ತಂದೆಯ ಹೆಸರು

ನಮ್ಮ ಕಚೇರಿಗೆ ತೈಲ ಸ್ಥಾವರಗಳ ಹೊಸ ಡ್ರಾಯಿಂಗ್ ಬರುವುದು ನಿಂತು ಆರು ವಾರವಾದ ಮೇಲೆ ಪ್ರಾಜೆಕ್ಟ್ ಮ್ಯಾನೇಜರು ನನ್ನನ್ನು ಒಳಗೆ ಕರೆದರು. ಕಚ್ಚಾ ತೈಲದ ಬೆಲೆ ನೆಲ ಹಿಡಿದಿದ್ದ ಕಾಲ ಅದು. ಮಸ್ಕತ್ತಿನಲ್ಲಿ ಆಗ ಮ್ಯಾನೇಜರು ಒಬ್ಬನನ್ನೇ ಒಳಗೆ ಕರೆದರೆ ಅದಕ್ಕೆ ಒಂದೇ ಕಾರಣವಿರುತ್ತಿತ್ತು. ನಾನು ಡ್ರಾಯರಿನಲ್ಲಿದ್ದ ನನ್ನ ಸ್ವಂತ ಸ್ಟೇಪ್ಲರನ್ನು ಜೇಬಿಗೆ ಹಾಕಿಕೊಂಡೇ ಎದ್ದೆ. ಆಮೇಲೆ ಸೀಟಿಗೆ ಹೋಗಲು ಸೆಕ್ಯೂರಿಟಿಯವರು ಬಿಡುತ್ತಾರೋ ಇಲ್ಲವೋ, ಯಾರು ಕಂಡರು?

ಅವರು ಕೆಲಸದಿಂದ ತೆಗೆಯಲಿಲ್ಲ. ಕುರ್ಚಿ ತೋರಿಸಿ, ಒಂದು ಫೋಟೋ ಮುಂದಿಟ್ಟರು. ಇಳಿಜಾರು ಹುಲ್ಲುಗಾವಲು, ಮುರುಕು ಬೇಲಿ, ಅದರೊಳಗೆ ಹೆಸರಿಲ್ಲದ ಒರಟು ಕಲ್ಲುಗಳು. ಅವರು ಅಮೆರಿಕದ ಟೆನೆಸೀ ರಾಜ್ಯದ ಗುಡ್ಡಗಾಡಿನವರು. ಅದು ಅವರ ಮನೆತನದ ಸ್ಮಶಾನ. ಅವರ ತಾಯಿಗೆ ತೊಂಬತ್ತು ದಾಟಿತ್ತು. ತಾನು ಕಣ್ಣು ಮುಚ್ಚುವ ಮೊದಲು ಅಲ್ಲಿನ ಅತಿ ಹಳೆಯ ಸಮಾಧಿಗೆ ಕೆತ್ತಿದ ಕಲ್ಲು ನಿಲ್ಲಿಸಬೇಕು, ಅದರಲ್ಲಿ ಮನೆತನದ ಮೂಲಪುರುಷ ಜೇಕಬ್, ಅವನ ಹೆಂಡತಿ ಮಾರ್ಥಾ, ಜೇಕಬ್ ಯಾರ ಮಗ ಎಂಬುದು, ಎಲ್ಲ ಇರಬೇಕು ಎಂಬುದು ಆ ಮುದುಕಿಯ ಆಸೆ. ಕಷ್ಟವೆಂದರೆ ಜೇಕಬ್ ಯಾರ ಮಗ ಎಂದು ಮನೆತನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮ್ಯಾನೇಜರು ಎರಡು ವರ್ಷ ರಜಾದಿನಗಳಲ್ಲಿ ಹುಡುಕಿ ಸೋತಿದ್ದರು. ಕಲ್ಲು ಕೆತ್ತುವವನು ಜನವರಿ ಮುಗಿಯುವುದರೊಳಗೆ ಒಕ್ಕಣೆ ಬೇಕೆಂದಿದ್ದ.

"ಕಳೆದುಹೋದ ಕಾಗದ ಹುಡುಕುವುದೇ ನಿನ್ನ ಕೆಲಸವಲ್ಲವೇ?" ಎಂದರು.

ಮಾತು ಸುಳ್ಳಲ್ಲ. ನಾನು ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳು ಬರೆದ ಪ್ರತಿಯೊಂದು ಡ್ರಾಯಿಂಗೂ ಎಷ್ಟನೆಯ ತಿದ್ದುಪಡಿಯದು, ಯಾವಾಗ ಯಾರಿಗೆ ಹೋಯಿತು, ಯಾರ ಸಹಿಯಾಯಿತು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ತಿದ್ದುಪಡಿ ಬಂದರೆ ಹಳೆಯದನ್ನು ವಾಪಸು ತರಿಸಿ ರದ್ದಿನ ಮುದ್ರೆ ಹಾಕಬೇಕು. ಗ್ಯಾಸ್ ಆರಿಸಿದೆನೋ ಎಂದು ಮೂರು ಸಲ ನೋಡಿ ಬೀಗ ಹಾಕಿ, ಬೀಗ ಹಾಕಿದೆನೋ ಎಂದು ಲಿಫ್ಟಿನಿಂದ ವಾಪಸು ಬರುವವನಿಗೆ ಹೇಳಿ ಮಾಡಿಸಿದ ಹುದ್ದೆ. ಹಿಂದೊಮ್ಮೆ, ಕಳಿಸಿಯೇ ಇಲ್ಲವೆಂದು ವಾದಿಸುತ್ತಿದ್ದ ಕಂಪನಿಯವರ ಡ್ರಾಯಿಂಗನ್ನು ಅವರದೇ ರವಾನೆ ಪಟ್ಟಿಯಿಂದ ಹುಡುಕಿ ತೆಗೆದಿದ್ದೆ. ಮ್ಯಾನೇಜರಿಗೆ ಅದು ನೆನಪಿತ್ತು.

ಒಪ್ಪಿದೆ. ನಮ್ಮ ವಿಭಾಗದಲ್ಲಿ ಉಳಿದಿದ್ದವರು ಮೂವರು. ಜನವರಿಯ ಕೊನೆಗೆ ಒಬ್ಬನನ್ನು ಮಾತ್ರ ಇಟ್ಟುಕೊಳ್ಳುತ್ತಾರೆ, ಯಾರನ್ನೆಂದು ಹೇಳುವವರು ಈ ಮ್ಯಾನೇಜರೇ ಎಂದು ಎಚ್‌ಆರ್‌ನಲ್ಲಿದ್ದ ಉಡುಪಿಯ ಗೆಳೆಯ ತಿಳಿಸಿದ್ದ. ನನ್ನ ಮಗಳು ಆ ವರ್ಷ ಹನ್ನೆರಡನೆಯ ತರಗತಿ. ಬೋರ್ಡ್ ಪರೀಕ್ಷೆಗೆ ಮಸ್ಕತ್ತಿನ ಕೇಂದ್ರದಲ್ಲೇ ಹೆಸರು ನೋಂದಾಯಿತವಾಗಿತ್ತು. ನನ್ನ ಕೆಲಸ ಹೋದರೆ ವೀಸಾ ಹೋಗುತ್ತದೆ, ನನ್ನದು ಹೋದರೆ ಅವಳದೂ ಹೋಗುತ್ತದೆ, ಪರೀಕ್ಷೆ ಬರೆಯದೆಯೇ ಮೈಸೂರಿಗೆ ಹೊರಡಬೇಕಾಗುತ್ತದೆ. ನನಗೆ ಬೇಕಿದ್ದದ್ದು ಬಡ್ತಿಯಲ್ಲ, ಪರೀಕ್ಷೆ ಮುಗಿಯುವ ಏಪ್ರಿಲ್ ತಿಂಗಳು.

ಮ್ಯಾನೇಜರು ವಂಶಾವಳಿ ಹುಡುಕುವ ಒಂದು ತಾಣದ ಪಾಸ್‌ವರ್ಡ್ ಕೊಟ್ಟರು. ನಾನು ಜನಗಣತಿಯಿಂದ ಶುರು ಮಾಡಿದೆ. ಅಲ್ಲಿ ಹತ್ತು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಎಣಿಸಿ ಬರೆದಿಟ್ಟಿದ್ದಾರೆ. ಸಾವಿರದ ಎಂಟುನೂರ ಐವತ್ತರ ಪುಸ್ತಕದಲ್ಲಿ ಮನೆಯ ಪ್ರತಿಯೊಬ್ಬರ ಹೆಸರೂ ಇದೆ: ಜೇಕಬ್, ಐವತ್ತನಾಲ್ಕು, ರೈತ, ಮಾರ್ಥಾ, ನಲವತ್ತೆಂಟು, ಕೆಳಗೆ ಮಕ್ಕಳು. ಎಷ್ಟು ಸಲೀಸು ಎಂದುಕೊಂಡೆ. ಹತ್ತು ವರ್ಷ ಹಿಂದಕ್ಕೆ ಹೋದರೆ ನೆಲವೇ ಇಲ್ಲ. ಐವತ್ತಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಉಳಿದವರೆಲ್ಲ ಬರೀ ಅಂಕಿ. ಇಂತಿಷ್ಟು ವಯಸ್ಸಿನ ಗಂಡಸು ಎರಡು, ಇಂತಿಷ್ಟು ವಯಸ್ಸಿನ ಹೆಂಗಸು ಒಂದು. ಹೆಂಡತಿ, ಮಗಳು, ಅತ್ತೆ, ಕೆಲಸದವಳು, ಯಾರಾದರೂ ಅದೇ ಒಂದು ಗೀಟು. ಇನ್ನೂ ಹಿಂದಿನವುಗಳಲ್ಲಿ ಹಲವು ಪುಸ್ತಕಗಳು ಕಳೆದೇಹೋಗಿವೆ.

ಮೂವತ್ತರ ಗಣತಿಯಲ್ಲಿ ಜೇಕಬನ ಮನೆ ಸಿಕ್ಕಿತು. ಅವನ ವಯಸ್ಸಿನ ಗಂಡಸು ಒಬ್ಬ, ಮಾರ್ಥಾಳ ವಯಸ್ಸಿನ ಹೆಂಗಸು ಒಬ್ಬಳು, ನಾಲ್ಕು ಮಕ್ಕಳು, ಜೊತೆಗೆ ಅರವತ್ತು ದಾಟಿದ ಒಬ್ಬ ಹೆಂಗಸು. ಆ ಕೊನೆಯ ಗೀಟನ್ನು ಕಂಡಾಗ ನನಗಾದ ಸಂತೋಷ ಹೇಳತೀರದು. ಅದೇ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಅದೇ ಮನೆತನದ ಹೆಸರಿನ ಸ್ಯಾಮ್ಯುಯೆಲ್ ಎಂಬವನಿದ್ದ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಹೋರಾಡಿದ ಸಿಪಾಯಿ. ಮರಣಶಾಸನ ಬರೆಯದೆ ಸತ್ತಿದ್ದ. ಅವನ ಹೆಂಡತಿ ಎಲಿಜಬೆತ್ ಬದುಕಿದ್ದಳು. ಆದರೆ ಮೂವತ್ತರ ಗಣತಿಯಲ್ಲಿ ಅವಳ ಹೆಸರಿನ ಮನೆಯಿಲ್ಲ. ಅಂದರೆ ಬೇರೆ ಯಾರದೋ ಮನೆಯಲ್ಲಿದ್ದಾಳೆ. ಯಾರ ಮನೆಯಲ್ಲಿ? ಗಂಡ ಸತ್ತ ಮುದುಕಿ ಎಲ್ಲಿರುತ್ತಾಳೆ? ಮಗನ ಮನೆಯಲ್ಲಿ. ಇದನ್ನೂ ಯಾರಾದರೂ ಕೇಳಬೇಕೇ?

ಆಸ್ತಿ ಹಂಚಿಕೆಯ ಕಾಗದ ಹುಡುಕಿದೆ. ಅಲ್ಲಿ ಯಜಮಾನ ಸತ್ತರೆ ಕೋರ್ಟಿನವರು ಮನೆಯ ಸೌಟಿನಿಂದ ಹಿಡಿದು ಎಲ್ಲವನ್ನೂ ಪಟ್ಟಿ ಮಾಡಿ, ವಾರಸುದಾರರಿಗೆ ಪಾಲು ಹಾಕಿ, ರಸೀದಿ ತೆಗೆದುಕೊಂಡು, ಕಟ್ಟು ಕಟ್ಟಿ ಇಡುತ್ತಿದ್ದರು. ಸ್ಯಾಮ್ಯುಯೆಲನ ಕಟ್ಟಿಗೆ ಯಾರೋ ನಂತರದವರು ಮಾಡಿದ ಟೈಪಿಸಿದ ಸಾರಾಂಶವಿತ್ತು. ಏಳು ಪಾಲು, ಏಳು ಹೆಸರು, ಐದನೆಯದು ಜೇಕಬ್. ಮೂಲ ಕಾಗದಗಳು ಇನ್ನೂರಕ್ಕೂ ಹೆಚ್ಚು ಪುಟ, ಕೈಬರಹ, ಸೂಚಿಯಿಲ್ಲ. ನಾನು ಸಾರಾಂಶವನ್ನೇ ನಂಬಿದೆ. ಮುಖಪುಟ ನೋಡಿ ಒಳಗಿನ ಡ್ರಾಯಿಂಗನ್ನು ಒಪ್ಪಿಕೊಳ್ಳಬೇಡಿ ಎಂದು ಹದಿನೆಂಟು ವರ್ಷ ಹೊಸಬರಿಗೆ ಪಾಠ ಹೇಳಿದವನು ನಾನೇ.

ಒಂದೇ ಮನೆತನದ ಹೆಸರು, ಆಸ್ತಿಯಲ್ಲಿ ಪಾಲು, ಮನೆಯಲ್ಲಿ ವಿಧವೆ ತಾಯಿ. ಮೂರು ಕಾಲಿನ ಸ್ಟೂಲು ಅಲ್ಲಾಡುವುದಿಲ್ಲವೆಂದು ಧೈರ್ಯ ಮಾಡಿ, ಡಿಸೆಂಬರಿನಲ್ಲಿ ಇಪ್ಪತ್ತು ಪುಟದ ವರದಿ ಕೊಟ್ಟೆ. ಅದಕ್ಕೆ ಸಂಖ್ಯೆ, ಮೊದಲ ಪ್ರತಿಯೆಂದು ತೋರಿಸುವ 'ತಿದ್ದುಪಡಿ ಸೊನ್ನೆ', ನನ್ನ ಸಹಿ. ಮ್ಯಾನೇಜರು ಎದ್ದು ಕೈಕುಲುಕಿದರು. ಒಕ್ಕಣೆ ಊರಿಗೆ ಹೋಯಿತು: ಜೇಕಬ್, ಸ್ಯಾಮ್ಯುಯೆಲ್ ಮತ್ತು ಎಲಿಜಬೆತರ ಮಗ.

ಉಡುಪಿಯ ಗೆಳೆಯ ಅದೇ ವಾರ ಕ್ಯಾಂಟೀನಿನಲ್ಲಿ ಸಿಕ್ಕಿ, "ನಿಮ್ಮ ಹೆಸರು ಉಳಿಯುವ ಕಡೆ ಉಂಟು ಮಾರಾಯ್ರೆ" ಎಂದ. ಇವನು ತಪ್ಪು ಮಾಡುವವನಲ್ಲ ಎಂದು ಮ್ಯಾನೇಜರು ಯಾರನ್ನು ಉಳಿಸಬೇಕೆಂಬ ಪಟ್ಟಿಯಲ್ಲಿ ಬರೆದಿದ್ದಾರಂತೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅಲ್ ಅಜೈಬಾದ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ತಿಂಗಳುಗಳ ನಂತರ ಆ ದಿನ ಪಾಯಸವಾಯಿತು. ನಾನು ಅದನ್ನೂ ಸಕ್ಕರೆ ಕಾಯಿಲೆಯ ಚಿಂತೆ ಮಾಡುತ್ತಲೇ ತಿಂದೆ.

ಜನವರಿಯ ಮೂರನೆಯ ವಾರ ನನ್ನ ರೆಸಿಡೆಂಟ್ ಕಾರ್ಡ್ ನವೀಕರಣಕ್ಕೆ ಬೆರಳಚ್ಚು ಕೊಡಬೇಕಿತ್ತು. ಸರ್ಕಾರಿ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದ ಕಂಪನಿಯ ಪಿಆರ್‌ಓ ತನ್ನ ಕಾರಿನಲ್ಲಿ ಕರೆದೊಯ್ದ. ಸೂರ್ ಕಡೆಯ ಒಮಾನಿ, ನನ್ನದೇ ವಯಸ್ಸು, ನನಗಿಂತ ಚೆನ್ನಾಗಿ ಹಿಂದಿ ಮಾತನಾಡುವವ. ವಾದಿ ಅದಾಯ್ ಹತ್ತಿರ ವಾಹನಗಳು ಸಾಲುಗಟ್ಟಿ ನಿಂತಾಗ ಅವನಿಗೆ ಫೋನು ಬಂತು. ಬಹಳ ಹೊತ್ತು ವಿನಯದಿಂದ ಮಾತನಾಡಿ ಇಟ್ಟ. ತಾಯಿಯೇ ಎಂದು ಕೇಳಿದೆ. ಅಲ್ಲ, ಹೆಂಡತಿಯ ತಾಯಿ, ಮಂಡಿನೋವಿನ ಮಾತ್ರೆ ಬೇಕಂತೆ ಎಂದ. ಆಕೆ ಗಂಡ ಹೋದ ಮೇಲೆ ಇವನ ಮನೆಯಲ್ಲೇ ಇದ್ದಾಳೆ.

ಗಂಡುಮಕ್ಕಳಿಲ್ಲವೇ ಎಂದು ಕೇಳಿದೆ. ಐದು ಜನ ಇದ್ದಾರೆ ಎಂದು ನಕ್ಕ. "ಆದರೆ ನಾನೇನು ಹೊರಗಿನವನೇ ಭಾಯಿ? ಆಕೆ ನನ್ನ ಚಿಕ್ಕಪ್ಪನ ಹೆಂಡತಿ. ನನ್ನ ಹೆಂಡತಿ ಚಿಕ್ಕಪ್ಪನ ಮಗಳು. ಇಬ್ಬರಿಗೂ ಅಜ್ಜ ಒಬ್ಬನೇ, ಕುಲ, ಕಬೀಲಾ ಒಂದೇ, ಹೆಸರೂ ಒಂದೇ."

ನಮ್ಮಲ್ಲಿ ಚಿಕ್ಕಪ್ಪನ ಮಗಳೆಂದರೆ ತಂಗಿ ಎಂದೆ. ಹಾಗಾದರೆ ನೀನು ಯಾರನ್ನು ಮದುವೆಯಾದೆ ಎಂದು ಕೇಳಿದ. ಸೋದರಮಾವನ ಮಗಳನ್ನು ಎಂದೆ. ಅವನು ಸ್ಟೀರಿಂಗ್ ಬಿಟ್ಟು ಎರಡೂ ಕೈ ಎತ್ತಿದ. "ಅಪ್ಪನ ತಮ್ಮನ ಮಗಳು ತಂಗಿ, ಅಮ್ಮನ ತಮ್ಮನ ಮಗಳು ಹೆಂಡತಿ. ಇದ್ಯಾವ ಲೆಕ್ಕ ಭಾಯಿ?"

ನಾನು ನಗಲು ಹೋದೆ. ನಗು ಅರ್ಧಕ್ಕೇ ನಿಂತಿತು. ಜೇಕಬನ ಮನೆಯಲ್ಲೂ ಹೀಗೇ ಇದ್ದಿದ್ದರೆ? ಮನೆಯಲ್ಲಿರುವ ಮುದುಕಿ ಹೆಂಡತಿಯ ತಾಯಿ. ಗಂಡ ಹೆಂಡತಿ ಇಬ್ಬರದೂ ಒಂದೇ ಮನೆತನದ ಹೆಸರು. ಅಳಿಯನಾದವನಿಗೂ ಹೆಂಡತಿಯ ಮೂಲಕ ಪಾಲು. ನನ್ನ ಸ್ಟೂಲಿನ ಮೂರು ಕಾಲುಗಳೂ ಆ ಕಾರಿನೊಳಗೆ ಒಟ್ಟಿಗೆ ಮುರಿದವು. ಸಗೋತ್ರದಲ್ಲಿ ಮದುವೆಯಿಲ್ಲ, ಮುದುಕಿ ಮಗನನ್ನು ಬಿಟ್ಟು ಅಳಿಯನ ಮನೆಯಲ್ಲಿರುವುದಿಲ್ಲ ಎಂಬ ಮೈಸೂರಿನ ಪಂಚಾಂಗವನ್ನು ಟೆನೆಸೀಯ ಗುಡ್ಡಗಳಿಗೆ ಹೊತ್ತುಕೊಂಡು ಹೋಗಿದ್ದೆ. ಬೆರಳಚ್ಚಿನ ಯಂತ್ರದ ಮೇಲೆ ನನ್ನ ಬೆವರಿನ ಬೆರಳು ಮೂರು ಸಲ ಮೂಡಲಿಲ್ಲ.

ಕಚೇರಿಗೆ ಮರಳಿ, ಓದದೆ ಬಿಟ್ಟಿದ್ದ ಕಟ್ಟನ್ನು ಮೊದಲ ಪುಟದಿಂದ ತೆರೆದೆ. ಮೂರು ದಿನ ಹಿಡಿಯಿತು. ಶಾಯಿ ಹಿಂದಿನ ಪುಟಕ್ಕೆ ಇಳಿದು ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಅರ್ಥವಾಗದ ಪದ ಬಂದರೆ ಅದೇ ಗುಮಾಸ್ತ ಬೇರೆ ಕಡೆ ಬರೆದ ಅದೇ ಅಕ್ಷರ ಹುಡುಕಿ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಸ್ವತ್ತಿನ ಪಟ್ಟಿಯಲ್ಲಿ ಹೆಣ್ಣುಕುದುರೆಗೂ ಗರಿಯ ಹಾಸಿಗೆಗೂ ನಡುವೆ 'ಹಾನಾ ಎಂಬ ಹೆಂಗಸು, ಅವಳ ಮಗು' ಎಂದಿತ್ತು, ಪಕ್ಕದಲ್ಲಿ ಬೆಲೆ. ಆ ದೇಶದ ಗುಲಾಮಗಿರಿಯ ಇತಿಹಾಸ ಶಾಲೆಯಲ್ಲಿ ಓದಿದ್ದೆ. ಪಟ್ಟಿಯ ಸಾಲಾಗಿ ಓದಿರಲಿಲ್ಲ. ಆ ಪುಟ ದಾಟಲು ಸ್ವಲ್ಪ ಹೊತ್ತು ಬೇಕಾಯಿತು.

ರಸೀದಿ ಸಿಕ್ಕಿದ್ದು ಗುರುವಾರ. ಅಂಗೈ ಅಗಲದ ಚೀಟಿ. 'ನನ್ನ ಹೆಂಡತಿ ಮಾರ್ಥಾಳ ಹಕ್ಕಿನಲ್ಲಿ, ಅವಳ ತಂದೆ ಸ್ಯಾಮ್ಯುಯೆಲನ ಆಸ್ತಿಯಿಂದ, ಒಂದು ಹಸು, ಒಂದು ಹಾಸಿಗೆ, ಹಾನಾಳ ಮಗು, ಇವುಗಳನ್ನು ಪಡೆದಿದ್ದೇನೆ.' ಕೆಳಗೆ ಜೇಕಬನ ಹೆಸರು, ನಡುವೆ ಅಕ್ಷರ ಬಾರದ ಅವನು ಸಹಿಯ ಬದಲು ಹಾಕಿದ ಕತ್ತರಿ ಗುರುತು. ಸ್ಯಾಮ್ಯುಯೆಲ್ ತಂದೆಯಲ್ಲ, ಮಾವ.

ಕಲ್ಲು ಕೆತ್ತುವವನು ಮುಂದಿನ ವಾರ ಉಳಿ ಹಿಡಿಯುತ್ತಾನೆ. ನಮ್ಮ ಪಟ್ಟಿಯೂ ಮುಂದಿನ ವಾರವೇ.

ನಡುವೆ ಶುಕ್ರವಾರ, ಶನಿವಾರದ ರಜೆ. ಆ ಎರಡು ದಿನ ನಾನು ಮನೆಯಲ್ಲಿ ಏನು ಮಾಡಿದೆನೆಂದರೆ, ಬಾಲ್ಕನಿಯ ಒಣಗಿದ ಬಟ್ಟೆಯನ್ನು ಮತ್ತೆ ಒಣಹಾಕಿದೆ. ದಾರಿಗಳು ಮೂರಿದ್ದವು. ಮೊದಲನೆಯದು ಸುಮ್ಮನಿರುವುದು; ಇನ್ನೂರು ವರ್ಷ ಯಾರೂ ಓದದ ಚೀಟಿಯನ್ನು ಇನ್ನು ಮುಂದೆ ಯಾರು ಓದುತ್ತಾರೆ? ಎರಡನೆಯದು, ಶೇರ್ಡ್ ಫೋಲ್ಡರಿನಲ್ಲಿರುವ ವರದಿಯನ್ನು ಸದ್ದಿಲ್ಲದೆ ಬದಲಿಸಿ, ಎಂದಾದರೂ ಪ್ರಶ್ನೆ ಬಂದರೆ 'ನೋಡಿ, ಸರಿಯಾಗೇ ಇದೆಯಲ್ಲ' ಎನ್ನುವುದು. ಹೀಗೆ ಮಾಡಿದ ಒಬ್ಬನನ್ನು ಹಿಂದೆ ನಾನೇ ಹಿಡಿದುಕೊಟ್ಟಿದ್ದೆ. ಮೂರನೆಯದು ಹೇಳುವುದು.

ಹೆಂಡತಿ ಬಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ವಿಷಯ ಕೇಳಿದಳು. ಹೇಳಿದೆ.

"ಅವನು ಸತ್ತು ಎಷ್ಟು ವರ್ಷ ಆಯ್ತು?" ಎಂದಳು.

"ನೂರೈವತ್ತಕ್ಕೂ ಮೇಲೆ."

"ಅಷ್ಟು ವರ್ಷ ಅಪ್ಪ ಇಲ್ದೆ ಇದ್ದೋನು ಇನ್ನು ಮೂರು ತಿಂಗಳು ತಪ್ಪು ಅಪ್ಪನ ಜೊತೆ ಇರ್ಲಿ ಬಿಡಿ ರೀ. ಪರೀಕ್ಷೆ ಮುಗೀಲಿ, ಆಮೇಲೆ ಹೇಳಿ."

"ಅಷ್ಟರಲ್ಲಿ ಕಲ್ಲಲ್ಲಿ ಕೆತ್ತಿರ್ತಾರೆ ಕಣೆ."

ಹೆಂಡತಿ ಕೋಣೆಯ ಕಡೆ ನೋಡಿದಳು. ಒಳಗೆ ಮಗಳು ರಸಾಯನಶಾಸ್ತ್ರವನ್ನು ಗಟ್ಟಿಯಾಗಿ ಓದುತ್ತಿದ್ದಳು. "ನಿಮ್ಮ ಕೈಲಿ ಹೇಳ್ದೆ ಇರಕ್ಕೆ ಆಗಲ್ಲ ಅಂತ ನಂಗೊತ್ತು. ನಂಗ್ಯಾಕೆ ಕೇಳ್ತೀರಿ?" ಎಂದು ಬಟ್ಟೆ ಮಡಚತೊಡಗಿದಳು. ಒಪ್ಪಿಗೆಯೋ ಸಿಟ್ಟೋ ಎಂದು ಇಪ್ಪತ್ತು ವರ್ಷದ ಸಂಸಾರದಲ್ಲೂ ತಿಳಿಯದ ಒಂದು ದನಿ ಅವಳಲ್ಲಿದೆ. ಅದೇ ದನಿ.

ಭಾನುವಾರ ಬೆಳಿಗ್ಗೆ ವರದಿಯ 'ತಿದ್ದುಪಡಿ ಒಂದು' ಸಿದ್ಧಮಾಡಿದೆ. ನಮ್ಮ ಕಸುಬಿನಲ್ಲಿ ಬದಲಾದ ಜಾಗದ ಸುತ್ತ ಮೋಡದಂಥ ಗೆರೆ ಎಳೆಯಬೇಕು, ಯಾಕೆ ಬದಲಾಯಿತೆಂದು ಬರೆಯಬೇಕು. ಇನ್ನೂ ತೀರ್ಮಾನವಾಗದ ಜಾಗದಲ್ಲಿ ಊಹೆ ಬರೆಯದೆ 'ಹೋಲ್ಡ್' ಎಂದು ಬರೆದು ಬಿಡಬೇಕು; ಅದನ್ನು ನೋಡಿದ ಮೇಲೆ ಯಾವ ಫಿಟ್ಟರೂ ಅಲ್ಲಿ ಕೊಳವೆ ಕತ್ತರಿಸುವುದಿಲ್ಲ. ಜೇಕಬನ ತಂದೆಯ ಚೌಕದ ಸುತ್ತ ಮೋಡ ಎಳೆದು ಒಳಗೆ ಹೋಲ್ಡ್ ಎಂದು ಬರೆದೆ. ಕಾರಣದ ಜಾಗದಲ್ಲಿ, 'ಮೂಲ ದಾಖಲೆ ಓದದೆ ಸಾರಾಂಶವನ್ನು ನಂಬಿದ್ದು. ತಯಾರಿಸಿದವನ ತಪ್ಪು' ಎಂದು ಬರೆದೆ. ಈ ಸಾಲನ್ನು ನಾಲ್ಕು ಸಲ ಅಳಿಸಿದ್ದೆ. ರಸೀದಿಯನ್ನು ಪೂರ್ತಿಯಾಗಿ ಲಗತ್ತಿಸಿದೆ, ಹಾನಾಳ ಮಗುವಿನ ಸಾಲನ್ನೂ ಸೇರಿಸಿ.

ಮಧ್ಯಾಹ್ನ ಹೊರಟಾಗ ಉಡುಪಿಯ ಗೆಳೆಯ ಕಾರಿಡಾರಿನಲ್ಲಿ ಅಡ್ಡ ಸಿಕ್ಕ. ಕೈಯಲ್ಲಿದ್ದ ಕಾಗದ ನೋಡಿ, ಮುಖ ನೋಡಿ, ಏನೆಂದು ಕೇಳಿದ. ಹೇಳಿದೆ. "ನಿಮಗೆ ಎಂತ ಮಂಡೆ ಸಮ ಇಲ್ವಾ? ಬುಧವಾರ ಅವರು ಪಟ್ಟಿಗೆ ಸೈನ್ ಮಾಡ್ಲಿಕ್ಕುಂಟು. ಗುರುವಾರ ಕೊಡಿ ಇದನ್ನು" ಎಂದ. ಗುರುವಾರ ಕೊಟ್ಟರೆ ಉಳಿ ಕಲ್ಲಿಗೆ ಬಿದ್ದಿರುತ್ತದೆ ಎಂದೆ. ಅವನು ಶಿಲುಬೆಯ ಗುರುತು ಹಾಕಿಕೊಂಡ, ನನಗಾಗಿಯೋ ತನಗಾಗಿಯೋ.

ಮ್ಯಾನೇಜರು ಪೂರ್ತಿ ಓದಿದರು. ಅವರು ಪುಟ ತಿರುಗಿಸುವುದನ್ನು ನಾನು ನಿಂತೇ ನೋಡಿದೆ. ಕೂರಲು ಹೇಳಿದ್ದರೂ ಕೇಳಿಸಿರಲಿಲ್ಲ. ರಸೀದಿಯಲ್ಲಿ ಒಂದು ಕಡೆ ಅವರ ಬೆರಳು ನಿಂತಿತು. ಯಾವ ಸಾಲೆಂದು ನನಗೆ ಗೊತ್ತಿತ್ತು.

"ಇದು ನಿನಗೆ ಯಾವಾಗ ಗೊತ್ತಾಯಿತು?"

"ಗುರುವಾರ."

"ಇವತ್ತು ಭಾನುವಾರ."

"ಹೌದು. ಎರಡು ದಿನ ಹೆದರಿಕೆಗೆ ಬೇಕಾಯಿತು."

ಅವರು ನಗಲಿಲ್ಲ. ಗಡಿಯಾರ ನೋಡಿದರು. ಇಲ್ಲಿ ಮೂರು, ಅಲ್ಲಿ ಬೆಳಗಿನ ಆರು. ಅಮ್ಮ ಐದಕ್ಕೇ ಏಳುತ್ತಾಳೆ ಎಂದು ಫೋನು ಹಚ್ಚಿ, ಸ್ಪೀಕರಿಗೆ ಹಾಕಿದರು. ನಾನು ಹೊರಗೆ ಹೋಗಲು ನೋಡಿದರೆ ಕೈಸನ್ನೆಯಿಂದ ತಡೆದರು. ಮಗ ಹೇಳಿದ್ದನ್ನೆಲ್ಲ ಆ ಮುದುಕಿ ಕೇಳಿಸಿಕೊಂಡಳು.

"ನನ್ನ ಅಜ್ಜಿ ಹೇಳುತ್ತಿದ್ದಳು," ಎಂದಳು. "ಮದುವೆಯಾದ ಮೇಲೆ ಮಾರ್ಥಾ ತನ್ನ ಬಟ್ಟೆಗಳ ಮೇಲಿನ ಮನೆತನದ ಹೆಸರನ್ನು ಬಿಚ್ಚಿ ಮತ್ತೆ ಕಸೂತಿ ಹಾಕಬೇಕಾಗಿ ಬರಲಿಲ್ಲವಂತೆ. ನಾನದನ್ನು ಸೋಮಾರಿತನದ ಕಥೆ ಅಂದುಕೊಂಡಿದ್ದೆ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಎರಡು ತಿಂಗಳು ಜಗತ್ತಿನ ಕಾಗದವನ್ನೆಲ್ಲ ತಿರುವಿದೆ. ಆ ಮನೆಯಲ್ಲಿ ಬದುಕಿರುವ ಅತಿ ಹಿರಿಯ ಜೀವವನ್ನು ಒಂದು ಮಾತು ಕೇಳೋಣವೆಂದು ಹೊಳೆಯಲೇ ಇಲ್ಲ.

ಮಾರ್ಥಾಳ ಹೆಸರಿನ ಕೆಳಗೆ ಅವಳ ತಂದೆ ತಾಯಿಯ ಹೆಸರು ಕೆತ್ತಿಸು ಎಂದು ಮುದುಕಿ ಮಗನಿಗೆ ಹೇಳಿದಳು. ಜೇಕಬನ ಕೆಳಗೆ? "ಒಂದು ಸಾಲಿನ ಜಾಗ ನುಣುಪಾಗಿ ಬಿಡಲು ಹೇಳು. ಗೊತ್ತಿಲ್ಲದ್ದನ್ನು ಕಲ್ಲಿನಲ್ಲಿ ಕೆತ್ತಬಾರದು."

ಮ್ಯಾನೇಜರು ಫೋನಿಟ್ಟು, ಹಳೆಯ ವರದಿಯ ಪ್ರತಿಯನ್ನು ಡ್ರಾಯರಿನಿಂದ ತೆಗೆದು ನನ್ನ ಕಡೆ ತಳ್ಳಿದರು. "ರದ್ದು ಮಾಡು" ಎಂದರು. ಆ ಎರಡು ಪದವನ್ನೇ ನಾನು ಬುಧವಾರದವರೆಗೆ ಹಗಲೆಲ್ಲ ಅಗಿದೆ.

ಗುರುವಾರ ಎಚ್‌ಆರ್‌ನಿಂದ ಕರೆ ಬಂತು. ಗೆಳೆಯ ಎದ್ದು ಬಾಗಿಲು ಹಾಕಿ ಲಕೋಟೆ ಕೊಟ್ಟ. ಒಡೆದೆ. ಹುದ್ದೆ ರದ್ದಾಗಿದೆ, ಸೇವೆಗೆ ಧನ್ಯವಾದ. ಇಂಗ್ಲಿಷಿನಲ್ಲಿ ಇಂಥ ಪತ್ರಗಳು ಎಷ್ಟು ಮೃದುವಾಗಿರುತ್ತವೆಂದರೆ ಎರಡು ಸಲ ಓದಬೇಕಾಗುತ್ತದೆ. ತಪ್ಪು ಒಪ್ಪಿಕೊಂಡಿದ್ದಕ್ಕೇ ಹೀಗಾಯಿತೇ ಎಂದು ಕೇಳಿದೆ.

"ಅಲ್ಲ ಮಾರಾಯ್ರೆ. ಮೇಲಿನಿಂದ ಇಡೀ ವಿಭಾಗವನ್ನೇ ಖಲಾಸ್ ಮಾಡಿದ್ದಾರೆ, ಒಬ್ಬನನ್ನೂ ಇಡ್ಲಿಕ್ಕಿಲ್ಲ. ಉಳಿದ ಇಬ್ಬರಿಗೆ ಫೆಬ್ರವರಿ ಕೊನೆ. ನೀವು ಕೆಳಗೆ ತಾರೀಕು ನೋಡಿ."

ನೋಡಿದೆ. ಏಪ್ರಿಲಿನ ಒಂದು ದಿನ. ತಿಂಗಳ ಕೊನೆಯೂ ಅಲ್ಲ, ವಾರದ ಕೊನೆಯೂ ಅಲ್ಲ.

"ನಿನ್ನೆ ಮ್ಯಾನೇಜರು ನನ್ನತ್ರ ನಿಮ್ಮ ಮಗಳ ಪರೀಕ್ಷೆಯ ಟೈಮ್‌ಟೇಬಲ್ ಕೇಳಿ ತೆಗೊಂಡ್ರು. ದಾಖಲೆಗಳನ್ನೆಲ್ಲ ಮುಚ್ಚಿ ಒಪ್ಪಿಸ್ಲಿಕ್ಕೆ ಒಬ್ಬ ಬೇಕು, ಒಳಗಿರುವ ತಪ್ಪನ್ನು ಮುಚ್ಚದೇ ಇರುವವನು ಬೇಕು ಅಂತ ಬರೆದು ಸೈನ್ ಹಾಕಿದ್ದಾರೆ" ಎಂದ. ಆಮೇಲೆ ದನಿ ತಗ್ಗಿಸಿ, "ಅವರ ಕೆಲಸ ಹೋಗುದು ನಿಮಗಿಂತ ಮೊದಲು, ಮಾರ್ಚಿನಲ್ಲಿ" ಎಂದ.

ಮನೆಯಲ್ಲಿ ಹೆಂಡತಿ ಪತ್ರವನ್ನು ಮೊದಲಿನಿಂದ ಓದಲಿಲ್ಲ. ತಾರೀಕಿನ ಮೇಲೆ ಬೆರಳಿಟ್ಟುಕೊಂಡೇ ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಮೇಲೆ ಅಂಟಿಸಿದ್ದ ಟೈಮ್‌ಟೇಬಲಿನ ಕೊನೆಯ ಸಾಲಿಗೆ ಹಿಡಿದು ನೋಡಿದಳು. ನಡುವೆ ಒಂಬತ್ತು ದಿನ ಉಳಿಯುತ್ತಿತ್ತು. ಆಮೇಲೆ ಪತ್ರವನ್ನು ಅಕ್ಕಿ ಡಬ್ಬಿಯ ಕೆಳಗಿಟ್ಟು, "ಅವಳಿಗೆ ಕೊನೇ ಪೇಪರ್ ಮುಗಿಯೋವರ್ಗೂ ಗೊತ್ತಾಗ್ಬಾರ್ದು" ಎಂದಳು.

ಚಿಂತೆಯನ್ನು ಮುಖದ ಮೇಲೆ ಬೋರ್ಡಿನಂತೆ ತೂಗುಹಾಕಿಕೊಂಡು ಓಡಾಡುವವನಿಗೆ ಇದಕ್ಕಿಂತ ಕಷ್ಟದ ಕೆಲಸ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಅಷ್ಟರಲ್ಲೇ ಮಗಳು ನೀರಿಗೆ ಎದ್ದು ಬಂದಳು. ನಮ್ಮಿಬ್ಬರ ಮುಖ ನೋಡಿ, "ಅಪ್ಪಾ, ಎನಿ ನ್ಯೂಸ್?" ಎಂದಳು.

"ಇದೆ," ಎಂದೆ. "ಆ ಅಮೆರಿಕದ ಅಜ್ಜಿ ಕಲ್ಲಿನಲ್ಲಿ ಒಂದು ಸಾಲು ಖಾಲಿ ಬಿಡಿ ಅಂದ್ರು."

ಅವಳು ನೀರು ಕುಡಿದು, "ದಟ್ಸ್ ನೈಸ್" ಎಂದು ಓದಲು ಹೋದಳು.